ಅವ್ವನ ಸಹಿ, ಮಗನ ಪಾಸ್‌ಪೋರ್ಟ್: ವಾಸ್ಕೊದ ಕನ್ನಡ ಕುಟುಂಬವೊಂದರ ಪ್ರಕರಣ

ಗೋವಾದಲ್ಲಿ ಪೋರ್ಚುಗೀಸ್ ಪಾಸ್‌ಪೋರ್ಟ್ ಎಂದರೆ ಅದು ಸಾಲ್ಸೆಟ್, ಬಾರ್ದೇಸ್ ಕಡೆಯ ಕ್ರೈಸ್ತ ಮನೆತನಗಳ ವಿಷಯ ಎಂದು ನಮ್ಮ ಕನ್ನಡದವರಲ್ಲಿ ಬಹಳ ಮಂದಿ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಪೋರ್ಚುಗಲ್‌ನ ಕಾನೂನು ಇಲ್ಲಿ ಧರ್ಮ ಕೇಳುವುದಿಲ್ಲ, ಮನೆಮಾತು ಕೇಳುವುದಿಲ್ಲ. ಎಲ್ಲಿ ಹುಟ್ಟಿದಿರಿ, ಯಾವತ್ತು ಹುಟ್ಟಿದಿರಿ, ಅದಕ್ಕೆ ದಾಖಲೆ ಎಲ್ಲಿದೆ ಎಂದು ಕೇಳುತ್ತದೆ. ಭಾರತದ ಸೇನೆ ಗೋವಾವನ್ನು ವಿಮೋಚನೆ ಮಾಡಿದ್ದು 1961ರ ಡಿಸೆಂಬರ್ 19ರಂದು. ಅದಕ್ಕೆ ಮೊದಲು ಗೋವಾ, ದಮನ್, ದಿಯು ನೆಲದಲ್ಲಿ ಹುಟ್ಟಿದವರು ತಮ್ಮ ಜನನವನ್ನು ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ದಾಖಲು ಮಾಡಿಸಿದರೆ ಪೋರ್ಚುಗಲ್ ಅವರನ್ನು ಹುಟ್ಟಿನಿಂದಲೇ ತನ್ನ ಪ್ರಜೆಗಳೆಂದು ಒಪ್ಪುತ್ತದೆ. ಅವರ ಮಕ್ಕಳು ಎಲ್ಲಿ ಹುಟ್ಟಿದ್ದರೂ, 1981ರ ರಾಷ್ಟ್ರೀಯತೆ ಕಾಯ್ದೆಯಂತೆ, ಅಪ್ಪ ಅಥವಾ ಅವ್ವನ ದಾಖಲೆಯ ಬಲದ ಮೇಲೆ ನೋಂದಣಿ ಕೇಳಬಹುದು.

ನಾನು ವಾಸ್ಕೊದಲ್ಲಿ ವಕೀಲಿ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಮಂಗೂರ್ ಹಿಲ್‌ನ ಒಂದು ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಹಳ್ಳಿ ಹಾಕಿಲ್ಲ. ಈ ದಾರಿಯ ಬಗ್ಗೆ ನಮ್ಮಲ್ಲಿ ಓಡಾಡುವ ಮಾತೆಲ್ಲ ಹೊರಡುವ ಮಗನ ಸುತ್ತಲೇ ಇರುತ್ತದೆ. ಆದರೆ ಮಗನಿಗೆ ಬಾಗಿಲು ತೆಗೆಯಬೇಕಾದವಳು ಅವ್ವ, ಮೊದಲು ಸಹಿ ಹಾಕುವವಳೂ ಅವಳೇ, ಮನೆಯಲ್ಲಿ ಉಳಿಯುವವಳೂ ಅವಳೇ. ಅವಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬಿಡಿಸಿ ಹೇಳುವವರು ಕಡಿಮೆ. ಅದಕ್ಕಾಗಿ ಈ ಬರಹ.

ಕುಟುಂಬದ ಮೂಲ ಬೈಲಹೊಂಗಲ ತಾಲೂಕು. ಅಜ್ಜ 1950ರ ಸುಮಾರಿಗೆ ಮುರ್ಗಾಂವ ಬಂದರಿಗೆ ಕೂಲಿಗೆ ಬಂದವನು. ಗೋವಾದ ಕಬ್ಬಿಣದ ಅದಿರು ಆಗ ಹಡಗಿನ ಮೇಲೆ ಹಡಗಾಗಿ ಹೊರಗೆ ಹೋಗುತ್ತಿತ್ತು, ತುಂಬುವುದಕ್ಕೆ ತೋಳು ಬೇಕಾಗಿತ್ತು. 1955ರಲ್ಲಿ ಗಡಿ ಬಿಗಿಯಾಯಿತು, ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಊರಿಗೆ ಹೋಗಿಬರುವುದು ಕಷ್ಟವಾದ ಆ ಕಾಲದಲ್ಲಿ ಅಜ್ಜ ಹೆಂಡತಿಯೊಂದಿಗೆ ಇಲ್ಲೇ ಉಳಿದ. 1956ರ ನವೆಂಬರಿನಲ್ಲಿ ವಾಸ್ಕೊದಲ್ಲಿ ಹೆಣ್ಣು ಮಗು ಹುಟ್ಟಿತು. ಇವಳೇ ನಮ್ಮ ಪ್ರಕರಣದ ಅವ್ವ. ವಿಮೋಚನೆಯಾದ ಮೇಲೆ ಅವಳನ್ನು ಊರಿಗೆ ಕಳಿಸಿ ಕನ್ನಡ ಶಾಲೆಗೆ ಹಾಕಿದರು. 1979ರಲ್ಲಿ ಬಾರ್ಜ್ ಮೇಲೆ ಕೆಲಸ ಮಾಡುವ ಊರ ಕಡೆಯ ಹುಡುಗನಿಗೆ ಕೊಟ್ಟರು, ಮದುವೆ ವಾಸ್ಕೊದಲ್ಲೇ ನೋಂದಣಿಯಾಯಿತು. ಮಗಳು 1981ರಲ್ಲಿ, ಮಗ 1986ರಲ್ಲಿ. ಮಗಳು ಈಗ ಕರ್ನಾಟಕದಲ್ಲಿ ಸರಕಾರಿ ಶಾಲೆಯ ಶಿಕ್ಷಕಿ. ಗಂಡ 2016ರಲ್ಲಿ ತೀರಿಕೊಂಡ; ಅವನ ಪಾಲಿನ ನಾಲ್ಕು ಎಕರೆ ಎರೆಹೊಲ ಅವ್ವ ಮತ್ತು ಎರಡು ಮಕ್ಕಳ ಹೆಸರಿಗೆ ಜಂಟಿಯಾಗಿ ಬಂತು.

ಮಗ ವೆಲ್ಡರ್. ಬಾರ್ಜ್ ದುರಸ್ತಿ ಯಾರ್ಡುಗಳಲ್ಲಿ ಕೈಪಳಗಿದವನು. 2012ರಲ್ಲಿ ಗಣಿ ನಿಂತಾಗ ದುಬೈನ ಡ್ರೈಡಾಕಿಗೆ ಹೋದ, ಕೆಲವು ವರ್ಷ ದುಡಿದು ಬಂದ. 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಗಣಿ ಮತ್ತೆ ನಿಂತಿತು, ಯಾರ್ಡುಗಳಲ್ಲಿ ಕೆಲಸ ಇನ್ನೂ ಬತ್ತಿತು. ಹೆಂಡತಿ ಇದ್ದಾಳೆ, ಒಂಬತ್ತು ವರ್ಷದ ಮಗಳಿದ್ದಾಳೆ. ಪಕ್ಕದ ಓಣಿಯ ಗೋವನ್ ಗೆಳೆಯರು ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಸ್ವಿಂಡನ್ನಿಗೆ ಹೋಗಿ ನೆಲೆಸಿದ್ದನ್ನು ಕಣ್ಣಾರೆ ಕಂಡವನು. ಅವ್ವ ವಾಸ್ಕೊದಲ್ಲೇ ಹುಟ್ಟಿದ್ದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಕಾಗದದ ಮೇಲೆ ಇದೆಯೋ ಇಲ್ಲವೋ ಎಂದು ಮಾತ್ರ ಯಾರೂ ನೋಡಿರಲಿಲ್ಲ.

ಸ್ವಿಂಡನ್ನಿನ ಮಾತನ್ನು ನಾನು ಮೊದಲ ದಿನವೇ ತೆಗೆದುಹಾಕಿದೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಿದ್ದಿದ್ದು 2020ರ ಜನವರಿ 31ರಂದು, ಪರಿವರ್ತನೆಯ ಅವಧಿ ಮುಗಿದದ್ದು ಅದೇ ವರ್ಷ ಡಿಸೆಂಬರ್ 31ಕ್ಕೆ. ಅಷ್ಟರೊಳಗೆ ಅಲ್ಲಿ ನೆಲೆಸಿದ್ದವರು ಅರ್ಜಿ ಹಾಕಿ ಉಳಿದುಕೊಂಡರು. ಈಗ ಹೊಸದಾಗಿ ಹೋಗುವ ಪೋರ್ಚುಗೀಸ್ ಪ್ರಜೆಗೆ ಅಲ್ಲಿ ದುಡಿಯಲು ನಮ್ಮ ಹಾಗೆಯೇ ವೀಸಾ ಬೇಕು. ಉಳಿದದ್ದು ಒಕ್ಕೂಟದ ದೇಶಗಳು: ಪೋರ್ಚುಗಲ್, ಐರ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್ ಇತ್ಯಾದಿ. ಅಲ್ಲೆಲ್ಲ ಹೋಗಿ ಕೆಲಸ ಹಿಡಿಯುವ ಹಕ್ಕು ನಿಜವಾಗಿಯೂ ದೊಡ್ಡದು. ಹಡಗಿನ ವೆಲ್ಡಿಂಗ್ ಬಲ್ಲವನಿಗೆ ಇನ್ನೂ ದೊಡ್ಡದು. ಇಷ್ಟನ್ನು ಖಚಿತ ಮಾಡಿಕೊಂಡ ಮೇಲೆಯೇ ದಾಖಲೆ ಹುಡುಕಲು ಕುಳಿತೆವು.

ಪುಸ್ತಕದಲ್ಲಿ ಸಿಕ್ಕಿದ್ದು

ಗೋವಾದಲ್ಲಿ ಜನನ, ಮದುವೆ, ಮರಣದ ಸಿವಿಲ್ ನೋಂದಣಿ 1914ರಿಂದ ನಡೆದುಬಂದಿದೆ. ಪುಸ್ತಕಗಳು ಪೋರ್ಚುಗೀಸ್ ಭಾಷೆಯಲ್ಲಿವೆ. ಪೂರ್ಣ ಪಾಠದ ಜನನ ಪ್ರಮಾಣಪತ್ರಕ್ಕೆ ಇಲ್ಲಿ ಎಲ್ಲರೂ ತೆಯೋರ್ ಎನ್ನುತ್ತಾರೆ. ಲಿಸ್ಬನ್ನಿಗೆ ಬೇಕಾಗುವುದು ಇದೇ. ಘಟ್ಟದ ಮೇಲಿನಿಂದ ಬಂದ ಕೂಲಿಗಳ ಮಕ್ಕಳ ಹೆಸರು ಈ ಪುಸ್ತಕಗಳಲ್ಲಿ ಸಿಗುತ್ತದೆಂದು ಖಾತ್ರಿಯಿಲ್ಲ. ಜನನ ತಿಳಿಸದೇ ಬಿಟ್ಟವರು ಬಹಳ. ಆಮೇಲೆ, ವಿಮೋಚನೆಯಾಗಿ ಎಷ್ಟೋ ವರ್ಷಕ್ಕೆ, ತಡವಾಗಿ ಬರೆಸಿದ ನಮೂದುಗಳನ್ನು ನಾನು ಈ ಕೆಲಸಕ್ಕೆ ನೆಚ್ಚಿಕೊಳ್ಳುವುದಿಲ್ಲ.

ಇವರ ಅದೃಷ್ಟಕ್ಕೆ ಅಜ್ಜ ಬರೆಸಿದ್ದ. ಮಾಸಿದ ಹಾಳೆಯಲ್ಲಿ ಓರೆ ಕೈಬರಹ, ಬದಿಯಲ್ಲಿ ನಮೂದಿನ ಸಂಖ್ಯೆ. ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಹೊತ್ತು, ತಂದೆ ದಿನಗೂಲಿ, ಬೆಳಗಾವಿ ಕಡೆಯವನು, ಸಾಕ್ಷಿದಾರರು ಇಬ್ಬರು. ಪೋರ್ಚುಗೀಸ್ ಪದ್ಧತಿಯಂತೆ ಮಗುವಿನ ಅಪ್ಪನ ಅಪ್ಪ ಅವ್ವ, ಅವ್ವನ ಅಪ್ಪ ಅವ್ವ ನಾಲ್ವರ ಹೆಸರೂ ಇತ್ತು. ಆ ನಾಲ್ಕು ಹೆಸರು ಮನೆಯ ಬೇರಾವ ಕಾಗದದಲ್ಲೂ ಇಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಮನುಷ್ಯ ಪರರ ಭಾಷೆಯ ಗುಮಾಸ್ತನ ಮುಂದೆ ನಿಂತು ತನ್ನ ಅಪ್ಪ ಅವ್ವನ ಹೆಸರು ಹೇಳಿ ಬರೆಸಿದ್ದಾನೆ. ಮಗ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದ.

ಅಜ್ಜ ಭಾರತದ ಪ್ರಜೆ, ಹಾಗಿದ್ದರೆ ಮಗು ಪೋರ್ಚುಗೀಸ್ ಹೇಗಾದೀತು ಎಂದು ಕೇಳುವವರಿದ್ದಾರೆ. 1956ರಲ್ಲಿ ಜಾರಿಯಲ್ಲಿದ್ದದ್ದು 1867ರ ಪೋರ್ಚುಗೀಸ್ ಸಿವಿಲ್ ಕೋಡ್. ತಂದೆ ಪರದೇಶದವನಾದರೂ ತನ್ನ ದೇಶದ ಸರಕಾರದ ಸೇವೆಯ ಮೇಲೆ ಅಲ್ಲಿ ನೆಲೆಸಿದವನಲ್ಲದಿದ್ದರೆ, ಆ ನೆಲದಲ್ಲಿ ಹುಟ್ಟಿದ ಮಗು ಪೋರ್ಚುಗೀಸ್ ಎಂದು ಅದು ಹೇಳುತ್ತಿತ್ತು; ಬೇಡವೆಂದು ಘೋಷಿಸಿದರೆ ಬೇರೆ ಮಾತು. ಗುತ್ತಿಗೆದಾರನ ಕೈಕೆಳಗೆ ಅದಿರು ಹೊತ್ತವನಿಗೆ ಯಾವ ಸರಕಾರದ ಸೇವೆಯೂ ಇರಲಿಲ್ಲ.

ಹಾಗಾಗಿ ಹಕ್ಕು ಇತ್ತು. ಕಾಗದಗಳು ಮಾತ್ರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಊರಿನ ಶಾಲೆಯಲ್ಲಿ ಮಾಸ್ತರರು ಆ ಕಾಲದ ರೂಢಿಯಂತೆ ಜೂನ್ 1 ಎಂದು ಬರೆದುಕೊಂಡಿದ್ದರು, ವರ್ಷ 1957. ನಮ್ಮ ಉತ್ತರ ಕರ್ನಾಟಕದಲ್ಲಿ ಒಂದು ತಲೆಮಾರಿಗೆ ತಲೆಮಾರೇ ಜೂನ್ 1ಕ್ಕೆ ಹುಟ್ಟಿದೆ. ಮದುವೆ ನೋಂದಣಿಗೆ ಕೊಟ್ಟದ್ದು ಅದೇ ಶಾಲೆಯ ದಾಖಲೆ. ಆಧಾರ್, ಪ್ಯಾನ್, ದುಬೈಗೆ ಮಗನ ಬಳಿ ಹೋಗಿಬರಲು ಮಾಡಿಸಿದ ಪಾಸ್‌ಪೋರ್ಟ್ ಎಲ್ಲದರಲ್ಲೂ ಅದೇ ತಾರೀಖು. ಹೆಸರಿನ ಕಾಗುಣಿತವೂ ಬೇರೆ: ಪೋರ್ಚುಗೀಸ್ ಗುಮಾಸ್ತ ನಮ್ಮ ಒತ್ತಕ್ಷರಗಳನ್ನು ಬಿಟ್ಟು, ಶಕಾರಕ್ಕೆ ಎಕ್ಸ್ ಅಕ್ಷರ ಹಾಕಿ, ಅಜ್ಜನ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಬರೆದಿದ್ದ. ತೆಯೋರಿನ ಮಗು ಮತ್ತು ಮದುವೆ ಪುಸ್ತಕದ ಹೆಂಗಸು ಒಬ್ಬಳೇ ಎಂದು ಲಿಸ್ಬನ್ನಿನ ಅಧಿಕಾರಿ ನಂಬುವುದಾದರೂ ಹೇಗೆ?

ಇಂಥಲ್ಲಿ ಅಫಿಡವಿಟ್ ಬರೆಸಿ ಮುಗಿಸೋಣ ಎನ್ನುವುದು ಸುಲಭದ ದಾರಿ. ನಾನು ಒಪ್ಪಲಿಲ್ಲ. ಸಿವಿಲ್ ಕೋರ್ಟಿನಲ್ಲಿ ಘೋಷಣೆಗಾಗಿ ದಾವೆ ಹೂಡಿದೆವು. ಅವ್ವನ ಅಣ್ಣ, ಅಂದರೆ ಮಗನ ಸೋದರಮಾವ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಬಂದು ಸಾಕ್ಷಿ ಹೇಳಿದರು. ತಂಗಿ ಹುಟ್ಟಿದಾಗ ತಾನು ಎಷ್ಟು ದೊಡ್ಡವನಿದ್ದೆ, ಮನೆ ಬಂದರಿನ ಯಾವ ಬದಿಗಿತ್ತು, ಊರಿಗೆ ಮರಳಿದ್ದು ಯಾವಾಗ ಎಂದು ತಡವರಿಸದೆ ಹೇಳಿದರು. ಡಿಕ್ರಿ ಬರಲು ವರ್ಷದ ಮೇಲಾಯಿತು. ಬಂದ ಮೇಲೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಒಂದೊಂದಾಗಿ ತಿದ್ದಿಸಿದೆವು. ಇದರ ನಡುವೆ ಒಬ್ಬ ಏಜೆಂಟ್ ಮಗನನ್ನು ಹಿಡಿದು, ಕೋರ್ಟಿನ ಗೊಡವೆ ಯಾಕೆ, ಲಕ್ಷಗಳ ಲೆಕ್ಕದಲ್ಲಿ ಕೊಟ್ಟರೆ ‘ಹೊಂದಿಕೆಯಾಗುವ’ ಪ್ರಮಾಣಪತ್ರ ತಾನೇ ತಂದುಕೊಡುತ್ತೇನೆ ಎಂದಿದ್ದ. ನಿಜವಾದ ದಾಖಲೆ ಕೈಯಲ್ಲಿರುವವನು ಸುಳ್ಳು ದಾಖಲೆ ಕೊಂಡರೆ ನಿಜವೂ ಹೋಗುತ್ತದೆ. ನಕಲಿ ಜನನ ದಾಖಲೆಯಿಂದ ಪಡೆದ ಪಾಸ್‌ಪೋರ್ಟಿನ ಮೇಲೆ ಎರಡೂ ದೇಶಗಳಲ್ಲಿ ಕ್ರಿಮಿನಲ್ ಮೊಕದ್ದಮೆ ಆಗಬಹುದು.

ಅವ್ವ ಕೇಳಿದ ಪ್ರಶ್ನೆ

ಕಾಗದಗಳೆಲ್ಲ ಸರಿಯಾಗಿ, ಲಿಸ್ಬನ್ನಿಗೆ ಕಳಿಸುವ ಅರ್ಜಿಯನ್ನು ಮೇಜಿನ ಮೇಲೆ ಇಟ್ಟಾಗ ಅವ್ವ ಪೆನ್ನು ಹಿಡಿಯಲಿಲ್ಲ.

“ನಾ ಇದಕ್ಕ ಸಹಿ ಮಾಡಿದ್ರ ಯಾ ದೇಶದಾಕಿ ಆಗ್ತೀನ್ರಿ?” ಎಂದಳು.

ಮಗ ಹೇಳಿದ: “ಅವ್ವಾ, ನೀ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತಿ. ಬರೇ ಕಾಗದ ಐತಿ ಇದು.”

“ಕಾಗದಾನ ನಿನ್ನ ಅಲ್ಲಿಗೆ ಒಯ್ಯೂದು. ನಿನಗ ಅಷ್ಟು ದೊಡ್ಡದಾದ ಕಾಗದ ನನಗ ಬರೇ ಕಾಗದ ಹೆಂಗಾತು?”

ಈ ಪ್ರಶ್ನೆಗೆ ಉತ್ತರ ಕೊಡದೆ ಸಹಿ ಹಾಕಿಸುವುದು ತಪ್ಪು. ನನ್ನ ಉತ್ತರ ಉದ್ದವಾಯಿತು, ಇಲ್ಲಿಯೂ ಉದ್ದವಾಗುತ್ತದೆ.

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮು ಹೇಳುವುದು ಇಷ್ಟು: ಭಾರತದ ಪ್ರಜೆ ದೇಶೀಕರಣದಿಂದಾಗಲಿ, ನೋಂದಣಿಯಿಂದಾಗಲಿ, ಬೇರಾವುದೇ ರೀತಿಯಿಂದಾಗಲಿ ತನ್ನ ಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದರೆ ಆ ಗಳಿಗೆಗೆ ಭಾರತದ ಪೌರತ್ವ ಹೋಗುತ್ತದೆ. ಯಾರೂ ಆದೇಶ ಹೊರಡಿಸಬೇಕಾಗಿಲ್ಲ, ತಾನಾಗಿ ಹೋಗುತ್ತದೆ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿದ್ದರೆ ಅದೇ ಸಾಕಷ್ಟು ಪುರಾವೆ. ಮಗನ ವಿಷಯದಲ್ಲಿ ಗೊಂದಲವೇ ಇಲ್ಲ: ಅವನು ಪೋರ್ಚುಗೀಸ್ ಪ್ರಜೆಯಾದ ದಿನದಿಂದ ಭಾರತದವನಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಮತದಾರರ ಪಟ್ಟಿಯಿಂದ ಹೆಸರು ತೆಗೆಸಬೇಕು.

ಅವ್ವನ ವಿಷಯ ಬೇರೆ. 1962ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಗೋವಾ, ದಮನ್, ದಿಯು ಪೌರತ್ವ ಆದೇಶ ಹೊರಡಿಸಿತು. ಆ ನೆಲದಲ್ಲಿ ಹುಟ್ಟಿದವರು, ಅಪ್ಪ ಅವ್ವ ಅಥವಾ ಅಜ್ಜ ಅಜ್ಜಿ ಅಲ್ಲಿ ಹುಟ್ಟಿದ್ದವರು, 1961ರ ಡಿಸೆಂಬರ್ 20ರಿಂದ ಭಾರತದ ಪ್ರಜೆಗಳು ಎಂದಿತು. ಪೋರ್ಚುಗೀಸರಾಗಿ ಉಳಿಯಬಯಸುವವರು ಬರೆದುಕೊಡಲು ಒಂದು ತಿಂಗಳ ಅವಕಾಶ. ಹಾಗೆ ಬರೆದುಕೊಟ್ಟ ಗೋವಾದ ಪಾದ್ರಿಯೊಬ್ಬರ ಪ್ರಕರಣ 1969ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಿದೇಶಿಯಾಗಿ ಉಳಿದವರಿಗೆ ವಿದೇಶಿಗಳ ಕಾನೂನೇ ಅನ್ವಯ ಎಂದು ಅವರ ವಾದ ಬಿದ್ದುಹೋಯಿತು. ನಮ್ಮ ಅಜ್ಜ ಏನೂ ಬರೆದುಕೊಡಲಿಲ್ಲ, ಮಗು ಭಾರತದ ಪ್ರಜೆಯಾಯಿತು. ಇನ್ನೊಂದು ಕಡೆ, ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಒಪ್ಪಿಕೊಂಡ ಮೇಲೂ ಪೋರ್ಚುಗಲ್ ಅಲ್ಲಿ ಹಿಂದೆ ಹುಟ್ಟಿದವರ ಹಕ್ಕನ್ನು ಉಳಿಸಿಕೊಂಡಿತು. ಒಂದೇ ಮಗುವನ್ನು ಎರಡು ದೇಶಗಳು ತಮ್ಮದು ಎಂದವು.

ಈಗ ಆ ಮಗು ಮುದುಕಿಯಾಗಿ ಲಿಸ್ಬನ್ನಿನಲ್ಲಿ ತನ್ನ ಜನನ ದಾಖಲು ಮಾಡಿಸಿದರೆ? ಒಂದು ವಾದ ಹೀಗಿದೆ: ಅವಳು ಹುಟ್ಟಿನಿಂದಲೇ ಪೋರ್ಚುಗೀಸ್, ಹೊಸದಾಗಿ ಏನನ್ನೂ ‘ಪಡೆಯಲಿಲ್ಲ’, ಇದ್ದ ಸಂಗತಿಯನ್ನು ಪುಸ್ತಕಕ್ಕೆ ಏರಿಸಿದಳು. ಇನ್ನೊಂದು ವಾದ: 1961ರಿಂದ ಅವಳು ಭಾರತದವಳು, ತಾನೇ ಅರ್ಜಿ ಹಾಕಿ ನೋಂದಾಯಿಸಿಕೊಂಡದ್ದು ಸ್ವಇಚ್ಛೆಯ ಕೆಲಸ, 9ನೇ ಕಲಮು ಬಿದ್ದಂತೆಯೇ. ಇಂಥ ಪ್ರಶ್ನೆ ಎದ್ದರೆ ತೀರ್ಮಾನ ಕೇಂದ್ರ ಸರಕಾರದ್ದು ಎಂದು ಕಾಯ್ದೆಯಲ್ಲೇ ಇದೆ. ಗೋವಾದಲ್ಲಿ ಶಾಸಕರ ಆಯ್ಕೆಯನ್ನೇ ಪ್ರಶ್ನಿಸುವ ಮಟ್ಟಕ್ಕೆ ಈ ಜಗಳ ಹೋಗಿದ್ದಿದೆ.

ಓಣಿಯಲ್ಲಿ ಎಲ್ಲರೂ ಕೊಡುವ ಸಲಹೆ ಅರ್ಧ ದಾರಿಯದು: ಅವ್ವನ ಜನನ ಮಾತ್ರ ನೋಂದಾಯಿಸಿ, ಅವಳಿಗೆ ಪೋರ್ಚುಗೀಸ್ ಗುರುತಿನ ಚೀಟಿಯೂ ಬೇಡ ಪಾಸ್‌ಪೋರ್ಟೂ ಬೇಡ, ಮತ ಹಾಕಿಕೊಂಡು ಸುಮ್ಮನೆ ಇರಲಿ, ಯಾರಿಗೆ ಗೊತ್ತಾಗುತ್ತದೆ. ಮಗನೂ ಹಾಗೇ ಅಂದುಕೊಂಡಿದ್ದ. ನನ್ನ ಅನುಭವದಲ್ಲಿ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ನಾಳೆ ಯಾರೋ ದೂರು ಕೊಟ್ಟು, ಸರಕಾರ ನೋಂದಣಿಯಿಂದಲೇ ಪೌರತ್ವ ಹೋಗಿದೆ ಎಂದಿತು ಅನ್ನಿ. ಅವಳು ತನ್ನ ಮನೆಯಲ್ಲೇ ವಿದೇಶಿ. ವಿದೇಶಿಯಾಗಿ ಇಲ್ಲಿ ಕಾನೂನುಬದ್ಧವಾಗಿ ಉಳಿಯಲು ಓಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್ ಬೇಕು, ಓಸಿಐಗೆ ಅರ್ಜಿ ಹಾಕಲು ವಿದೇಶದ ಪಾಸ್‌ಪೋರ್ಟ್ ಬೇಕು, ಅದು ಅವಳ ಬಳಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಕ್ಕೆ, ಮತ ಹಾಕಿದ್ದಕ್ಕೆ ಬೇರೆ ಜವಾಬು ಹೇಳಬೇಕು. ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. 2022ರ ನವೆಂಬರಿನಲ್ಲಿ ವಿದೇಶಾಂಗ ಸಚಿವಾಲಯದ ಸೂಚನೆ ಬಂದ ಮೇಲೆ, ಪೋರ್ಚುಗೀಸ್ ಪೌರತ್ವ ತಿಳಿಸದೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಗೋವನ್ನರ ಪಾಸ್‌ಪೋರ್ಟುಗಳನ್ನು ರದ್ದು ಮಾಡತೊಡಗಿದರು. ರದ್ದಾದವರಿಗೆ ಪಾಸ್‌ಪೋರ್ಟ್ ಒಪ್ಪಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ ಸಿಗಲಿಲ್ಲ, ಅದಿಲ್ಲದೆ ಓಸಿಐ ಸಿಗಲಿಲ್ಲ. 2024ರ ಏಪ್ರಿಲಿನಲ್ಲಿ ರದ್ದತಿಯ ಪ್ರಮಾಣಪತ್ರವನ್ನೇ ಒಪ್ಪಿಕೊಳ್ಳಬಹುದು ಎಂಬ ಆದೇಶ ಬಂದಮೇಲೆ ಅವರಿಗೆ ಉಸಿರು ಬಂತು. ಆ ನಡುವಿನ ಕಾಲದಲ್ಲಿ ತ್ರಿಶಂಕು ಸ್ಥಿತಿಯಲ್ಲಿದ್ದ ವಯಸ್ಸಾದವರನ್ನು ನಾನು ಕಂಡಿದ್ದೇನೆ.

ಹಾಗಾಗಿ ಅವ್ವನಿಗೆ ಹೇಳಿದ್ದು ಇದು: ಕಠಿಣವಾದ ಅರ್ಥವನ್ನೇ ನಿಜವೆಂದು ಹಿಡಿದು ನಡೆಯಬೇಕು. ಸಹಿ ಹಾಕಿದರೆ ಪೂರ್ತಿ ದಾರಿ ನಡೆಯಬೇಕು. ನೋಂದಣಿ, ಪೋರ್ಚುಗೀಸ್ ಪಾಸ್‌ಪೋರ್ಟ್, ಭಾರತದ ಪಾಸ್‌ಪೋರ್ಟ್ ಒಪ್ಪಿಸುವುದು, ಓಸಿಐ. ಇಲ್ಲವಾದರೆ ಸಹಿಯೇ ಬೇಡ, ಮಗ ಬೇರೆ ದಾರಿಯಿಂದ ಹೋಗಲಿ. ಭಾರತ ಮತ್ತು ಪೋರ್ಚುಗಲ್ ನಡುವೆ ಕೆಲಸಗಾರರ ನೇಮಕಾತಿಗೆ 2021ರಲ್ಲಿ ಒಪ್ಪಂದವಾಗಿದೆ, ಜರ್ಮನಿಯ ಜೊತೆ 2022ರಲ್ಲಿ. ಕೆಲಸದ ವೀಸಾ ನಿಧಾನ, ಮಾಲೀಕನಿಗೆ ಕಟ್ಟಿಹಾಕುತ್ತದೆ, ಆದರೆ ಅವ್ವನನ್ನು ಮುಟ್ಟುವುದಿಲ್ಲ.

ಹೊಲ

ಅವ್ವ ಒಂದು ಮಳೆಗಾಲ ಸುಮ್ಮನಿದ್ದಳು. ಮಗ 40ರ ಹೊಸ್ತಿಲಲ್ಲಿದ್ದಾನೆ, ವೆಲ್ಡರನ ಕಣ್ಣು ಮತ್ತು ಬೆನ್ನು ಬಹಳ ವರ್ಷ ತಾಳುವುದಿಲ್ಲ ಎಂಬುದು ಅವಳಿಗೆ ಗೊತ್ತು. ಮತದ ಹಕ್ಕು ಹೋಗುತ್ತದೆ ಎಂದಾಗ ಅವಳ ಮುಖ ಸಣ್ಣದಾಗಿತ್ತು. ವಾಸ್ಕೊದಲ್ಲಿ ‘ಘಾಟಿ’ (ಘಟ್ಟದ ಮೇಲಿನವರು ಎಂಬ ಮೂದಲಿಕೆ) ಅನ್ನಿಸಿಕೊಂಡು ಬದುಕಿದವರಿಗೆ ಮತದಾರರ ಚೀಟಿ ಸಣ್ಣ ಸಂಗತಿಯಲ್ಲ. ವಾರ್ಡಿನಲ್ಲಿ ಮಾತು ನಡೆಯುವುದು ಅದರಿಂದಲೇ. ಆದರೆ ಅವಳು ತೂಗಿ ನೋಡುತ್ತಿದ್ದದ್ದು ಬೇರೆಯದು.

ಊರಲ್ಲಿ ಅವರ ನಾಲ್ಕು ಎಕರೆಗೆ ಹೊಂದಿಕೊಂಡೇ ಮೈದುನನ ಒಂದು ಎಕರೆ ಇದೆ. ಅವನಿಗೆ ಮಾರುವ ಮನಸ್ಸು, ಇವಳಿಗೆ ಕೊಳ್ಳುವ ಮನಸ್ಸು. ಗಂಡನ ಕಾಲದಿಂದ ಕೂಡಿಟ್ಟ ಹಣವಿದೆ. ಪ್ರತಿ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಬರುವವಳು, ಬದುವಿನ ಆಚೆಯ ತುಂಡು ಪರರ ಪಾಲಾಗುವುದನ್ನು ನೋಡಲಾರಳು. ಓಸಿಐ ಕಾರ್ಡಿನವರಿಗೆ ಮನೆ, ಫ್ಲ್ಯಾಟ್ ಕೊಳ್ಳಲು ಅಡ್ಡಿಯಿಲ್ಲ. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2021ರ ಮಾರ್ಚಿನ ಅಧಿಸೂಚನೆಯಲ್ಲೂ ಇದು ಸ್ಪಷ್ಟ. ಆದರೆ ಪ್ರಜೆಯಾಗಿದ್ದಾಗ ಕೊಂಡದ್ದು, ವಾರಸಾದಿಂದ ಬಂದದ್ದು ಕೈಬಿಟ್ಟು ಹೋಗುವುದಿಲ್ಲ. ಇದೇ ಮಾತು ಮಗನಿಗೂ: ಜಂಟಿ ಹೊಲದಲ್ಲಿ ಅವನ ಪಾಲು ಅವನದೇ, ಮುಂದೆ ಹೊಸ ಹೊಲ ಕೊಳ್ಳುವಂತಿಲ್ಲ.

ಹಾಗಾದರೆ ದಾರಿ ಇತ್ತು, ಅದು ಇದ್ದದ್ದು ಕೆಲಸಗಳ ಕ್ರಮದಲ್ಲಿ. ಪ್ರಜೆಯಾಗಿ ಮಾತ್ರ ಮಾಡಬಹುದಾದದ್ದನ್ನೆಲ್ಲ ಮೊದಲು ಮುಗಿಸುವುದು, ಸಹಿ ಕೊನೆಗೆ. ನಾನು ಇದನ್ನು ಹೇಳುವ ಮೊದಲೇ ಅವಳು ಹೇಳಿದಳು: “ಮೊದ್ಲ ಆ ಎಕರೆ ನನ್ನ ಹೆಸರೀಗ ಆಗ್ಲಿ. ಉತಾರದಾಗ ಹೆಸರು ಬಿದ್ದ ದಿನ ನಾ ಸಹಿ ಮಾಡ್ತೀನಿ.” ಉತಾರ ಎಂದರೆ ಹೊಲದ ಪಹಣಿ.

ಏಜೆಂಟರ ಬಳಿ ಹೋದ ಕುಟುಂಬಗಳಲ್ಲಿ ಈ ಕ್ರಮ ತಲೆಕೆಳಗಾಗಿ ನಡೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲು ಲಿಸ್ಬನ್, ಆಮೇಲೆ ಊರಿನ ಪಾಲು, ಆಮೇಲೆ ಅಣ್ಣತಮ್ಮಂದಿರ ತಕರಾರು, “ಅವಳು ಈಗ ಪರದೇಶದವಳು, ಅವಳಿಗೆಲ್ಲಿಯ ಪಾಲು” ಎಂಬ ಮಾತು. ಕಾನೂನಿನಲ್ಲಿ ಆ ಮಾತಿಗೆ ಬಲವಿಲ್ಲದಿದ್ದರೂ ಹಳ್ಳಿಯ ಕಟ್ಟೆಯ ಮೇಲೆ ಬಲವಿದೆ, ತಲಾಠಿ ಕಚೇರಿಯಲ್ಲಿ ವರ್ಷಗಟ್ಟಲೆ ಓಡಾಡಿಸುವಷ್ಟು ಬಲವಿದೆ.

ಮಗಳ ನಿರ್ಧಾರ ಬೇಗ ಆಯಿತು. ಅವ್ವ ಪೋರ್ಚುಗೀಸ್ ಆದ ಮಾತ್ರಕ್ಕೆ ವಯಸ್ಸಿಗೆ ಬಂದ ಮಗಳ ಪೌರತ್ವಕ್ಕಾಗಲಿ ನೌಕರಿಗಾಗಲಿ ಏನೂ ಆಗುವುದಿಲ್ಲ. ತಾನೇ ನೋಂದಾಯಿಸಿಕೊಂಡರೆ ಸರಕಾರಿ ಶಾಲೆಯ ಕೆಲಸ ಹೋಗುತ್ತದೆ. ಅವಳು ಬೇಡ ಎಂದಳು. ಒಂದೇ ಅವ್ವನ ಇಬ್ಬರು ಮಕ್ಕಳು ಬೇರೆ ಬೇರೆ ದೇಶದ ಪ್ರಜೆಗಳಾಗುವುದರಲ್ಲಿ ಕಾನೂನಿನ ತೊಡಕಿಲ್ಲ.

ಸೊಸೆ ಮತ್ತು ಮೊಮ್ಮಗಳ ಬಗ್ಗೆ ಎರಡು ಮಾತು ಹೇಳಬೇಕು, ಇವರನ್ನು ಎಲ್ಲರೂ ಮರೆಯುತ್ತಾರೆ. ಮದುವೆಯಾದ ಮಾತ್ರಕ್ಕೆ ಸೊಸೆಗೆ ಪೋರ್ಚುಗೀಸ್ ಪೌರತ್ವ ಬರುವುದಿಲ್ಲ. ಮೂರು ವರ್ಷಕ್ಕೆ ಮೇಲ್ಪಟ್ಟ ದಾಂಪತ್ಯವಿದ್ದರೆ ಅವಳು ಕೇಳಬಹುದು, ಬೇಡವಾದರೆ ಭಾರತದ ಪಾಸ್‌ಪೋರ್ಟಿನ ಮೇಲೆಯೇ, ಒಕ್ಕೂಟದ ಪ್ರಜೆಯ ಕುಟುಂಬದವಳಾಗಿ, ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಗಂಡನ ಜೊತೆ ಇರಬಹುದು. ಇವರಿಗೆ ನಾನು ಎರಡನೆಯದನ್ನು ಹೇಳಿದೆ. ಮೊಮ್ಮಗಳ ವಿಷಯದಲ್ಲಿ ಸೂಕ್ಷ್ಮವೊಂದಿದೆ: ಅಪ್ಪ 8ನೇ ಕಲಮಿನಡಿ ಭಾರತದ ಪೌರತ್ವ ತ್ಯಜಿಸುತ್ತೇನೆ ಎಂದು ಘೋಷಣೆ ಬರೆದುಕೊಟ್ಟರೆ ಅಪ್ರಾಪ್ತ ಮಗುವಿನ ಪೌರತ್ವವೂ ಹೋಗುತ್ತದೆ, ವಯಸ್ಸಿಗೆ ಬಂದ ಒಂದು ವರ್ಷದೊಳಗೆ ಅದು ಮರಳಿ ಕೇಳಬಹುದು, ಅಷ್ಟೇ. 9ನೇ ಕಲಮಿನಂತೆ ತಾನಾಗಿ ಹೋಗುವಲ್ಲಿ ಆ ಮಾತಿಲ್ಲ. ಪಾಸ್‌ಪೋರ್ಟ್ ಒಪ್ಪಿಸುವ ದಿನ ಮುಂದಿಟ್ಟ ಕಾಗದ ಯಾವ ಕಲಮಿನದು ಎಂದು ಓದದೆ ಸಹಿ ಹಾಕಬಾರದು ಎಂದು ಮಗನಿಗೆ ಬರೆದೇ ಕೊಟ್ಟಿದ್ದೇನೆ. ಮಗು ಇಲ್ಲಿ ಶಾಲೆ ಕಲಿಯಲಿ, ಅವಳ ನೋಂದಣಿಯ ಮಾತು ಮನೆ ಅಲ್ಲಿ ನೆಲೆಯೂರಿದ ಮೇಲೆ.

ಒಂದು ವೇಳೆ ಯುರೋಪು ಕೈಹಿಡಿಯದಿದ್ದರೆ ಮರಳಿ ಭಾರತದ ಪ್ರಜೆಯಾಗಬಹುದೇ ಎಂದು ಮಗ ಕೇಳಿದ. ಆಗಬಹುದು. ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಇಲ್ಲೇ ವಾಸವಿದ್ದು ಅರ್ಜಿ ಹಾಕುವ ಅವಕಾಶ 5ನೇ ಕಲಮಿನಲ್ಲಿದೆ. ಆದರೆ ಅಲ್ಲಿ ಅರ್ಜಿದಾರ ಕೇಳುವವನು, ಸರಕಾರ ಕೊಡಬಹುದು, ಕೊಡದೆಯೂ ಇರಬಹುದು. ಈಗ ಕೈಯಲ್ಲಿರುವುದು ಕೇಳಿ ಪಡೆದದ್ದಲ್ಲ.

ಇದನ್ನೆಲ್ಲ ಕೇಳಿದ ಮೇಲೂ ಹೊರಡುವವರು ಹೊರಡುತ್ತಾರೆ, ಹೊರಡಲಿ. 2011ರಿಂದ 2022ರ ಅಕ್ಟೋಬರ್‌ವರೆಗೆ ದೇಶದ ಪಾಸ್‌ಪೋರ್ಟ್ ಕಚೇರಿಗಳಲ್ಲಿ ಒಪ್ಪಿಸಲಾದ ಸುಮಾರು 70,000 ಪಾಸ್‌ಪೋರ್ಟುಗಳಲ್ಲಿ 28,000ಕ್ಕೂ ಹೆಚ್ಚು ಗೋವಾದವು ಎಂದು ಮಾಹಿತಿ ಹಕ್ಕಿನಡಿ ಹೊರಬಂದ ಲೆಕ್ಕ ಹೇಳುತ್ತದೆ. ಇಷ್ಟು ಚಿಕ್ಕ ರಾಜ್ಯಕ್ಕೆ ಅದು ಎಂಥ ಸಂಖ್ಯೆ! ಅವರೆಲ್ಲ ನೇರವಾಗಿ ತಿಳಿಸಿ ಒಪ್ಪಿಸಿದವರು. ನನ್ನ ಕಾಳಜಿ ಒಪ್ಪಿಸದೆ ಮುಚ್ಚಿಟ್ಟವರ ಬಗ್ಗೆ, ಅದರಲ್ಲೂ ಮಕ್ಕಳ ಮಾತಿಗೆ ಹೂಂ ಎಂದು ಏನೆಂದು ತಿಳಿಯದೆ ಸಹಿ ಹಾಕಿದ ಅವ್ವಂದಿರ ಬಗ್ಗೆ.

ಬೈಲಹೊಂಗಲದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಎಕರೆಯ ಖರೀದಿ ಪತ್ರ ನೋಂದಣಿಯಾಯಿತು. ಮೈದುನನ ಮಕ್ಕಳೂ ಒಪ್ಪಿಗೆಯ ಸಹಿ ಹಾಕಿದರು. ಉತಾರದಲ್ಲಿ ಹೆಸರು ಏರಿದ ಮೇಲೆ ಅವ್ವ ತನ್ನ ಮಾತಿನಂತೆ ಬಂದು ಕುಳಿತಳು. ಅರ್ಜಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡಳು. ತೆಯೋರಿಗೆ, ಮದುವೆಯ ದಾಖಲೆಗೆ, ಕೋರ್ಟಿನ ಡಿಕ್ರಿಗೆ ಬೇಕಾದ ದೃಢೀಕರಣಗಳೆಲ್ಲ ಆಗಿದ್ದವು, ಡಿಕ್ರಿಯ ಪೋರ್ಚುಗೀಸ್ ಅನುವಾದವೂ ಸಿದ್ಧವಿತ್ತು. ಮೊದಲು ಅವಳ ಜನನ, ಅದರ ಹಿಂದೆ ಮದುವೆ, ಅದಾದ ಮೇಲೆ ಮಗನ ಜನನ: ಲಿಸ್ಬನ್ನಿನಲ್ಲಿ ಈ ಸಾಲು ತಪ್ಪುವಂತಿಲ್ಲ. ಈಗ ಅವಳ ಕಡತ ಅಲ್ಲಿದೆ. ಪೋರ್ಚುಗಲ್ ತನ್ನ ರಾಷ್ಟ್ರೀಯತೆ ಕಾಯ್ದೆಯನ್ನು 2015, 2018, 2020, 2024ರಲ್ಲಿ ತಿದ್ದಿದೆ, ಮುಂದೆಯೂ ತಿದ್ದೀತು. ಆದ್ದರಿಂದ ಮಗನಿಗೆ ಇರುವ ಕೆಲಸ ಬಿಡಬೇಡ, ಸಾಲ ಮಾಡಬೇಡ ಎಂದು ಹೇಳಿದ್ದೇನೆ. ಅವನು ಯಾರ್ಡಿಗೆ ಹೋಗುತ್ತಿದ್ದಾನೆ, ಸಂಜೆ ಹೊತ್ತು ಜರ್ಮನ್ ತರಗತಿಗೆ ಸೇರಿಕೊಂಡಿದ್ದಾನೆ. ನೋಂದಣಿಯ ಸುದ್ದಿ ಬಂದ ವಾರವೇ ಅವ್ವನ ಪೋರ್ಚುಗೀಸ್ ಪಾಸ್‌ಪೋರ್ಟಿಗೆ ಪಣಜಿಯ ಕಾನ್ಸುಲೇಟಿನಲ್ಲಿ ಸಮಯ ಕೇಳಬೇಕು, ಅದು ಕೈಗೆ ಬಂದಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಅರ್ಜಿ ಹಾಕಬೇಕು. ಮತದಾರರ ಪಟ್ಟಿಯಿಂದ ಹೆಸರು ತೆಗೆಯುವ ಫಾರಂ 7 ತುಂಬಿಸಿ, ತಾರೀಖು ಖಾಲಿ ಬಿಟ್ಟು, ಅವಳ ಕಡತದಲ್ಲೇ ಇಟ್ಟಿದ್ದೇವೆ.